ಬಸ್ಸಿನ ಕಣ್ಣು, ಊರಿನ ಬಾಯಿ

ಎರಡು ಮನೆಗಳ ನಡುವಿನ ಕಾಂಪೌಂಡ್ ಗೋಡೆ ಎದೆಮಟ್ಟಕ್ಕಿಂತ ಎತ್ತರ ಇರಕೂಡದು ಎಂದು ಯಾರಾದರೂ ಕಾನೂನು ಮಾಡಬೇಕು. ಅದಕ್ಕಿಂತ ಎತ್ತರವಾದರೆ ಮೊಣಕೈ ಊರಲಾಗದು. ಮೊಣಕೈ ಊರದೆ ಹರಟೆ ನಿಲ್ಲದು. ನಮ್ಮ ಗೋಡೆ ಹದವಾಗಿದೆ. ಆಚೆ ಕಡೆಯಿಂದ ಮೊಣಕೈ ಊರುವವರು ಸಾರಿಗೆ ಸಂಸ್ಥೆಯೊಂದರಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು. ಅವರಿಗೆ ನಾನು ‘ಮೇಷ್ಟ್ರು’, ನನಗೆ ಅವರು ‘ರಾಯರು’. ಯಾವ ವಿಷಯ ಎತ್ತಿದರೂ ರಾಯರು ಮೂರನೆಯ ಮಾತಿಗೆ ಅದನ್ನು ಬಸ್ಸು ಹತ್ತಿಸುತ್ತಾರೆ. ಚಿನ್ನದ ಬೆಲೆ ಎಂದರೆ ಡೀಸೆಲ್ ಬೆಲೆ, ಮಳೆ ಎಂದರೆ ಸೋರುವ ಟಾಪು. ಈ ಸಲ ಮಾತ್ರ ಬಸ್ಸಿನಿಂದಲೇ ಶುರುಮಾಡಿದವನು ನಾನು.

ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೊ ಬಂದಿತ್ತು. ಬಸ್ಸಿನಲ್ಲಿ ಇಬ್ಬರು ಹೆಂಗಸರು ಸೀಟಿಗಾಗಿ ಕಿತ್ತಾಡುತ್ತಿದ್ದಾರೆ. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ‘ಶಕ್ತಿ’ ಯೋಜನೆ ಶುರುವಾದಾಗಿನಿಂದ ಇಂಥ ವಿಡಿಯೊಗಳಿಗೆ ಬರವಿಲ್ಲ. ಕೆಳಗೆ ನಗುವ ಮುಖಗಳ ಸಾಲು, ‘ಫ್ರೀ ಬಸ್ಸಿನ ಪ್ರಭಾವ’ ಎಂಬ ಒಗ್ಗರಣೆ. ರಾಯರಿಗೆ ತೋರಿಸಿದೆ. ಅವರು ನಗಲಿಲ್ಲ. ಕನ್ನಡಕವನ್ನು ಹಣೆಗೇರಿಸಿ ಮೊಬೈಲನ್ನು ಮೂಗಿನ ಹತ್ತಿರ ತಂದುಕೊಂಡರು.

“ಮೇಷ್ಟ್ರೇ, ಇದು ಪ್ಯಾಸೆಂಜರ್ ಮೊಬೈಲಲ್ಲಿ ತೆಗೆದಿದ್ದಲ್ಲ.”

“ಅದು ಹೇಗೆ ಹೇಳ್ತೀರಿ ರಾಯರೆ?”

“ತಲೆ ಮೇಲಿಂದ ಕಾಣ್ತಾ ಇದೆ ನೋಡಿ. ಒಂದು ಚೂರೂ ಅಲ್ಲಾಡಿಲ್ಲ. ಮೂಲೇಲಿ ತಾರೀಖು, ಟೈಮು ಓಡ್ತಾ ಇದೆ. ಇದು ಗಾಡಿ ಒಳಗಿನ ಸಿಸಿ ಕ್ಯಾಮೆರಾದ್ದು. ಜಗಳ ಆಡಿದೋರು ಯಾರಾದ್ರೂ ಆಗಿರಲಿ, ಇದನ್ನ ಪೆಟ್ಟಿಗೆಯಿಂದ ಆಚೆ ತೆಗೆದೋರು ಯಾರು ಅಂತ ಮೊದಲು ಕೇಳಬೇಕು.”

ಗುಂಪಿನಲ್ಲಿ ಒಬ್ಬರೂ ಕೇಳದ ಪ್ರಶ್ನೆ ಅದು. ನಮ್ಮ ಹರಟೆ ಅಲ್ಲಿಂದ ಹೊರಟು ಎಲ್ಲ ಸ್ಟಾಪಿನಲ್ಲೂ ನಿಂತು ಹೋಯಿತು.

ಮೊದಲು ಆ ಪೆಟ್ಟಿಗೆಯ ಸಮಾಚಾರ. ಡ್ರೈವರ್ ಸೀಟಿನ ಆಸುಪಾಸಿನಲ್ಲೋ ತಲೆಯ ಮೇಲಿನ ಗೂಡಿನಲ್ಲೋ ಬೀಗ ಹಾಕಿದ ಒಂದು ರೆಕಾರ್ಡರ್ ಇರುತ್ತದೆ. ಓಡುವ ಗಾಡಿಯ ಕುಲುಕಾಟಕ್ಕೆ ತಾಳುವಂತೆ ಮಾಡಿದ ಇದನ್ನು ಎಂಡಿವಿಆರ್ ಎನ್ನುತ್ತಾರೆ. ಬಾಗಿಲು, ಸೀಟುಗಳ ಸಾಲು ಕಾಣುವಂತೆ ಚಾವಣಿಗೆ ಜೋಡಿಸಿದ ಕ್ಯಾಮೆರಾಗಳ ತಂತಿ ಅಲ್ಲಿಗೆ ಬಂದು ಸೇರುತ್ತದೆ. ಒಳಗಿನ ಹಾರ್ಡ್ ಡಿಸ್ಕೋ ಮೆಮೊರಿ ಕಾರ್ಡೋ ತುಂಬಿದ ಮೇಲೆ ಅದು ಹಳೆಯದನ್ನು ತಾನೇ ಅಳಿಸಿ ಅದರ ಮೇಲೆ ಹೊಸದನ್ನು ಬರೆದುಕೊಳ್ಳುತ್ತದೆ. ಸಿಮ್ ಹಾಕಿದ್ದರೆ ಕಂಟ್ರೋಲ್ ರೂಮಿನವರು ಕೂತಲ್ಲಿಂದಲೇ ಇಣುಕಬಹುದು. ಆದರೆ ಗಂಟೆಗಟ್ಟಲೆಯ ದೃಶ್ಯ ಬೇಕಾದರೆ ಸಾಮಾನ್ಯವಾಗಿ ಗಾಡಿ ಡಿಪೋಗೆ ಬರಬೇಕು, ಬೀಗ ತೆಗೆಯಬೇಕು, ಇಳಿಸಿಕೊಳ್ಳಬೇಕು.

“ಅಂದ್ರೆ ಅದು ತಾನಾಗೇ ವಾಟ್ಸಾಪಿಗೆ ಹತ್ತಿ ಕೂತ್ಕೊಳ್ಳಲ್ಲ ಮೇಷ್ಟ್ರೇ. ಯಾರೋ ಕಾರಣ ಹೇಳಿ ಇಳಿಸ್ಕೊಂಡಿರ್ತಾರೆ. ಪಕ್ಕದಲ್ಲಿ ನಿಂತ ಇನ್ಯಾರೋ ಕಂಪ್ಯೂಟರ್ ಮುಂದೆ ಮೊಬೈಲ್ ಹಿಡಿದು ಅದನ್ನೇ ಶೂಟ್ ಮಾಡ್ಕೊಂಡಿರ್ತಾರೆ. ಇಬ್ಬರ ಹೆಸರೂ ಎಲ್ಲೂ ಇರಲ್ಲ.”

ಬಸ್ಸಿಗೆ ಈ ಕಣ್ಣು ಬಂದದ್ದು ನಾವು ನಗಲಿ ಎಂದೇನೂ ಅಲ್ಲ. 2012ರ ಡಿಸೆಂಬರ್ 16ರ ರಾತ್ರಿ ದೆಹಲಿಯ ಖಾಸಗಿ ಬಸ್ಸೊಂದರಲ್ಲಿ ಯುವತಿಯೊಬ್ಬಳ ಮೇಲೆ ನಡೆದ ಘೋರ ಅತ್ಯಾಚಾರವನ್ನು ದೇಶ ಮರೆತಿಲ್ಲ. ಆ ಬಸ್ಸಿನ ಜಾಡು ಪೊಲೀಸರಿಗೆ ಸಿಕ್ಕಿದ್ದೂ ಒಂದು ಕ್ಯಾಮೆರಾದಿಂದಲೇ. ಮಹಿಪಾಲಪುರದ ರಸ್ತೆ ಬದಿಯ ಹೋಟೆಲಿನ ಕ್ಯಾಮೆರಾದಲ್ಲಿ, ಮೈಮೇಲೆ ‘ಯಾದವ್’ ಎಂದು ಬರೆದಿದ್ದ ಬಿಳಿ ಬಸ್ಸು ಆ ರಾತ್ರಿ ಎರಡು ಸಲ ಹಾದುಹೋದದ್ದು ಸೆರೆಯಾಗಿತ್ತು. ಮರುವರ್ಷದ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ 1,000 ಕೋಟಿ ರೂಪಾಯಿಯ ನಿರ್ಭಯಾ ನಿಧಿ ತೆಗೆದಿಟ್ಟಿತು. ನಮ್ಮ ಬಿಎಂಟಿಸಿಯ ಸಾವಿರಾರು ಬಸ್ಸುಗಳಿಗೆ ಕ್ಯಾಮೆರಾ, ಪ್ಯಾನಿಕ್ ಬಟನ್ ಬಂದದ್ದು ಆ ನಿಧಿಯ ಯೋಜನೆಯಲ್ಲಿ. ಹೆಣ್ಣುಮಕ್ಕಳ ಸುರಕ್ಷತೆಗೆಂದು ಬಂದ ಕ್ಯಾಮೆರಾದಿಂದಲೇ ಇಬ್ಬರು ಹೆಂಗಸರ ಜಗಳ ತೆಗೆದು ಊರಿಗೆ ಹಂಚಿದ್ದಾರೆ ಎಂದರೆ ಏನನ್ನಬೇಕು?

ಅಷ್ಟರಲ್ಲಿ ರಾಯರ ಮನೆಯವರು ಮೊರದಲ್ಲಿ ಸೊಪ್ಪು ಹಿಡಿದು ಬಂದರು. ಸೊಪ್ಪು ಬಿಡಿಸುತ್ತಲೇ ಅರ್ಧ ಮಾತು ಕೇಳಿಸಿಕೊಂಡು ಪೂರ್ತಿ ಉತ್ತರ ಕೊಡುವ ಶಕ್ತಿ ಅವರಿಗಿದೆ.

“ರಾತ್ರಿ ಖಾಲಿ ಬಸ್ಸಲ್ಲಿ ಕ್ಯಾಮೆರಾ ಇದ್ರೆ ಧೈರ್ಯ ಇರುತ್ತೆ ಮೇಷ್ಟ್ರೇ, ಇಲ್ಲ ಅನ್ನಲ್ಲ. ಬೆಳಗ್ಗೆ ಒಂಬತ್ತರ ನೂಕುನುಗ್ಗಲಲ್ಲಿ ಅದೇನು ಮಾಡುತ್ತೆ? ಮೇಲಿಂದ ಕಾಣೋದು ಬರೀ ತಲೆ. ಯಾರ ಕೈ ಎಲ್ಲಿದೆ ಅಂತ ಅದಕ್ಕೆಲ್ಲಿ ಕಾಣಬೇಕು? ಆಮೇಲೆ ಹುಡುಗಿ ಕಂಪ್ಲೇಂಟ್ ಕೊಟ್ರೆ ‘ಫೂಟೇಜಲ್ಲಿ ಏನೂ ಇಲ್ಲಮ್ಮ’ ಅಂತ ಅವಳನ್ನೇ ಸುಳ್ಳಿ ಮಾಡ್ತಾರೆ.”

ಈ ಮಾತನ್ನು ಪೊಲೀಸ್ ಠಾಣೆಗಳ ಗೋಡೆಯ ಮೇಲೆ ಬರೆಸಬೇಕು. ಕ್ಯಾಮೆರಾದಲ್ಲಿ ಕಂಡದ್ದು ಸಾಕ್ಷಿಯಾದೀತು. ಕಾಣದೆ ಹೋದದ್ದು ನಡೆದೇ ಇಲ್ಲ ಎನ್ನುವುದಕ್ಕೆ ಸಾಕ್ಷಿಯಾಗದು.

ರಾಯರು ಈಗ ತಮ್ಮ ಜಾತಿಯವರ, ಅಂದರೆ ಖಾಕಿ ಜಾತಿಯವರ ಪರ ವಕಾಲತ್ತು ಹಿಡಿದರು. ಕ್ಯಾಮೆರಾ ಬಂದಾಗ ಡ್ರೈವರು ಕಂಡಕ್ಟರುಗಳಿಗೆ ಇರಿಸುಮುರಿಸಾಯಿತಂತೆ. ಮೊದಲೇ ಚೆಕಿಂಗ್ ಸ್ಕ್ವಾಡಿನ ಕಾಟ, ಈಗ ತಲೆಯ ಮೇಲೊಬ್ಬ ಇಳಿಯದ ಚೆಕಿಂಗ್ ಇನ್‌ಸ್ಪೆಕ್ಟರು. ಡ್ರೈವರ್ ಸ್ಟಿಯರಿಂಗ್ ಹಿಡಿದು ಮೊಬೈಲ್ ನೋಡಿದ, ಕಂಡಕ್ಟರ್ ದುಡ್ಡು ಪಡೆದು ಟಿಕೆಟ್ ಹರಿಯಲಿಲ್ಲ ಎಂಬುದಕ್ಕೆಲ್ಲ ಅದೇ ಪುರಾವೆ. ಆದರೆ ಬರಬರುತ್ತಾ ಅದೇ ಕ್ಯಾಮೆರಾ ಇವರಿಗೂ ಆಸರೆಯಾಯಿತು. ಚಿಲ್ಲರೆ ಕೊಡಲಿಲ್ಲ, ಸ್ಟಾಪಿನಲ್ಲಿ ನಿಲ್ಲಿಸಲಿಲ್ಲ ಎಂಬ ಸುಳ್ಳು ದೂರು ಬಂದಾಗ ಮೆಮೊ ತಪ್ಪಿಸಿದ್ದೂ ಅದೇ.

2024ರ ಅಕ್ಟೋಬರ್ ಮೊದಲಲ್ಲಿ ವೈಟ್‌ಫೀಲ್ಡ್ ಕಡೆ ಬಿಎಂಟಿಸಿ ಕಂಡಕ್ಟರೊಬ್ಬರು, ಬಾಗಿಲಲ್ಲಿ ನಿಂತವನಿಗೆ ಒಳಗೆ ಬಾ ಎಂದದ್ದಕ್ಕೆ ಚಾಕುವಿನಿಂದ ಇರಿತಕ್ಕೊಳಗಾದರು. ಇರಿದದ್ದು, ಆಮೇಲೆ ಅವನು ಬಸ್ಸಿನ ಗಾಜು ಒಡೆದದ್ದು ಎಲ್ಲವೂ ಒಳಗಿನ ಕ್ಯಾಮೆರಾದಲ್ಲಿ ದಾಖಲಾಗಿತ್ತು. ಇಂಥ ಪ್ರಕರಣದಲ್ಲಿ ಕ್ಯಾಮೆರಾ ಇಟ್ಟದ್ದು ಸಾರ್ಥಕ ಎಂದು ಯಾರಾದರೂ ಒಪ್ಪುತ್ತಾರೆ.

ಮರು ತಿಂಗಳ 6ರಂದು ಇನ್ನೊಂದು. ನೆಲಮಂಗಲ ಕಡೆಯಿಂದ ಬರುತ್ತಿದ್ದ ಬಸ್ಸಿನ ಚಾಲಕರಿಗೆ ಸ್ಟಿಯರಿಂಗ್ ಮುಂದೆಯೇ ಹೃದಯಾಘಾತವಾಯಿತು. ಅವರು ಪಕ್ಕಕ್ಕೆ ವಾಲಿದರು, ಬಸ್ಸು ಮತ್ತೊಂದು ಬಸ್ಸಿಗೆ ಉಜ್ಜಿಕೊಂಡು ಹೋಯಿತು. ಕಂಡಕ್ಟರು ಚಾಲಕನ ಜಾಗಕ್ಕೆ ಜಿಗಿದು ಗಾಡಿಯನ್ನು ನಿಲ್ಲಿಸಿ ಪ್ರಯಾಣಿಕರನ್ನು ಉಳಿಸಿದರು. ಚಾಲಕರು ಉಳಿಯಲಿಲ್ಲ. ಆ ದೃಶ್ಯವನ್ನು ಇಡೀ ದೇಶ ನೋಡಿತು.

“ಆ ಕಂಡಕ್ಟರ್ ಸಮಯಪ್ರಜ್ಞೆಗೆ ಕೈ ಮುಗಿಬೇಕು,” ಎಂದೆ.

“ಮುಗಿಯೋಣ. ನಾನೂ ಮುಗಿದೆ. ಆದ್ರೆ ಮೇಷ್ಟ್ರೇ, ಸತ್ತೋರಿಗೂ ಹೆಂಡ್ತಿ ಮಕ್ಕಳು ಅಂತ ಇರ್ತಾರಲ್ಲ. ಮನೆ ಯಜಮಾನನ ಕೊನೇ ಉಸಿರನ್ನ ಟೀವಿಯಲ್ಲಿ ಹಿಂದೆ ಮುಂದೆ ಓಡಿಸಿ, ಕೆಂಪು ಗೆರೆ ಸುತ್ತಿ ತೋರಿಸೋದು ಯಾಕೆ? ಕಂಡಕ್ಟರ್ ಸಾಹಸ ಬಾಯಲ್ಲಿ ಹೇಳಿದ್ರೆ ಜನ ನಂಬ್ತಿರಲಿಲ್ವಾ?”

ಅವರು ನನ್ನಿಂದ ಉತ್ತರ ನಿರೀಕ್ಷಿಸಿರಲಿಲ್ಲ. ನಾನೂ ಕೊಡಲು ಹೋಗಲಿಲ್ಲ. ಒಂದೇ ಪೆಟ್ಟಿಗೆಯಿಂದ ಬಂದ ಒಂದು ತುಣುಕು ನ್ಯಾಯಕ್ಕೆ ಒದಗುತ್ತದೆ, ಇನ್ನೊಂದು ಸಂಜೆಯ ಚಾನೆಲ್ಲಿಗೆ ಊಟವಾಗುತ್ತದೆ. ಎರಡೂ ಒಂದೇ ಬಾಗಿಲಿನಿಂದ ಹೊರಬರುತ್ತಿವೆ ಎಂಬುದೇ ತೊಂದರೆ.

ನ್ಯಾಯಕ್ಕೆ ಹೋಗುವ ಬಾಗಿಲು ಹೇಗಿರುತ್ತದೆ ಎಂದು ಸ್ವಲ್ಪ ನೋಡಿ. ತನಿಖೆಗೆ ಬೇಕಾದರೆ ಪೊಲೀಸರು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಮಿನಡಿ ಲಿಖಿತ ಆದೇಶ ಕೊಟ್ಟು ಫೂಟೇಜ್ ತರಿಸಿಕೊಳ್ಳಬಹುದು. ಹಾಗೆ ಬಂದ ಪ್ರತಿ ಕೋರ್ಟಿನಲ್ಲಿ ನಿಲ್ಲಬೇಕಾದರೆ ಜೊತೆಗೊಂದು ಪ್ರಮಾಣಪತ್ರ ಇರಬೇಕು. ಹಿಂದೆ ಸಾಕ್ಷ್ಯ ಕಾಯ್ದೆಯ 65ಬಿ ಎನ್ನುತ್ತಿದ್ದರು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು. ಈ ಪ್ರಮಾಣಪತ್ರ ಬೇಕೇಬೇಕು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತ್ತು, 2020ರಲ್ಲಿ ಮತ್ತೆ ಒತ್ತಿ ಹೇಳಿತು. ಯಾವ ಯಂತ್ರದಿಂದ ತೆಗೆದದ್ದು, ಆಗ ಆ ಯಂತ್ರ ಸರಿಯಾಗಿತ್ತೇ, ಅದು ಯಾರ ಉಸ್ತುವಾರಿಯಲ್ಲಿತ್ತು ಎಂದು ಬರೆದು ಸಹಿ ಹಾಕಬೇಕು. ಹೊಸ ನಮೂನೆಯಲ್ಲಿ ಫೈಲಿನ ‘ಹ್ಯಾಶ್ ವ್ಯಾಲ್ಯೂ’ ಎಂಬ ಉದ್ದನೆಯ ಸಂಕೇತವನ್ನೂ ನಮೂದಿಸಬೇಕು. ಫೈಲಿನಲ್ಲಿ ಒಂದು ಚೂರು ತಿದ್ದಿದರೂ ಆ ಸಂಕೇತ ಬದಲಾಗುತ್ತದೆ, ಕೈಚಳಕ ಬಯಲಾಗುತ್ತದೆ.

ವಾಟ್ಸಾಪಿನಲ್ಲಿ ತೇಲಿ ಬಂದ ವಿಡಿಯೊಗೆ ಇದು ಯಾವುದೂ ಇಲ್ಲ. ಕಳಿಸುವಾಗಲೇ ಅದು ಕುಗ್ಗಿರುತ್ತದೆ, ಹಿಂದುಮುಂದು ಕತ್ತರಿಸಿರುತ್ತದೆ. ಮೊದಲು ಯಾರು ಕೈ ಎತ್ತಿದರು ಎಂಬ ಭಾಗವನ್ನೇ ಕತ್ತರಿಸಿದ ಪುಣ್ಯಾತ್ಮನೂ ಇರುತ್ತಾನೆ. ಕೋರ್ಟಿನಲ್ಲಿ ಅದಕ್ಕೆ ಕಿಮ್ಮತ್ತಿಲ್ಲ, ಊರಿನಲ್ಲಿ ಮಾತ್ರ ಅದೇ ಅಂತಿಮ ತೀರ್ಪು. “ಡಿಪೋದಲ್ಲಿ ವಿಚಾರಣೆ ಆಗೋ ಮೊದಲೇ ಊರಲ್ಲಿ ಆಗಿರುತ್ತೆ,” ಎಂದರು ರಾಯರು. “ಆಮೇಲೆ ವಿಚಾರಣೇಲಿ ನಿರ್ದೋಷಿ ಅಂತ ಬಂದ್ರೂ ಅದನ್ನ ಯಾರೂ ಫಾರ್ವರ್ಡ್ ಮಾಡಲ್ಲ.”

ಹೀಗೆ ಪೊಲೀಸರಿಗೆ ಒಂದು ಬಾಗಿಲಿದೆ, ಕಳ್ಳಗಿಂಡಿಯಿಂದ ತೆಗೆಯುವವರಿಗೆ ಒಂದು ಬಾಗಿಲಿದೆ. ಟಿಕೆಟ್ ತೆಗೆದುಕೊಂಡ ಪ್ರಯಾಣಿಕನಿಗೆ?

ನನ್ನ ಪರಿಚಯದ ಹೆಣ್ಣುಮಗಳೊಬ್ಬಳ ಪರ್ಸ್ ಬಸ್ಸಿನಲ್ಲಿ ಹೋಯಿತು. ಯಾವ ಊರು, ಯಾವ ಡಿಪೋ ಎಂದು ಕೇಳಬೇಡಿ. ಡಿಪೋದಲ್ಲಿ “ಸ್ಟೇಷನ್ನಿಂದ ಲೆಟರ್ ತಗೊಂಡ್ ಬನ್ನಿ” ಎಂದರು. ಸ್ಟೇಷನ್ನಿನಲ್ಲಿ “ಮೊದಲು ಫೂಟೇಜಲ್ಲಿ ಏನಿದೆ ಅಂತ ನೋಡ್ಕೊಂಡ್ ಬನ್ನಿ, ಆಮೇಲೆ ಕಂಪ್ಲೇಂಟ್ ತಗೊಳ್ಳೋಣ” ಎಂದರು. ಅವಳು ಆಚೆ ಈಚೆ ಓಡಾಡಿ ಕೊನೆಗೆ ಪತ್ರ ಹಿಡಿದು ಹೋಗುವ ಹೊತ್ತಿಗೆ “ಅಯ್ಯೋ, ಅದು ಓವರ್‌ರೈಟ್ ಆಗೋಗಿದೆ ಮೇಡಂ” ಎಂಬ ಉತ್ತರ ಕಾದಿತ್ತು.

ಆರ್‌ಟಿಐ ಹಾಕಬಹುದಲ್ಲ ಎನ್ನುತ್ತೀರಿ. ಹಾಕಬಹುದು. 2005ರ ಮಾಹಿತಿ ಹಕ್ಕು ಕಾಯ್ದೆ ಉತ್ತರ ಕೊಡಲು 30 ದಿನ ಕೊಟ್ಟಿದೆ. ಜೀವ, ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆ. ಪರ್ಸಿಗೆ ಆ ಭಾಗ್ಯವಿಲ್ಲ. ಅಧಿಕಾರಿ ನಿಧಾನವಾಗಿ ಕನ್ನಡಕ ಒರೆಸಿ ಅರ್ಜಿ ಓದುವಷ್ಟರಲ್ಲಿ ಡಿಸ್ಕು ತನ್ನ ಕೆಲಸ ಮುಗಿಸಿರುತ್ತದೆ. ಮೇಲಾಗಿ ಫೂಟೇಜಿನಲ್ಲಿ ಬೇರೆಯವರ ಮುಖವೂ ಇದೆ, ವೈಯಕ್ತಿಕ ಮಾಹಿತಿ, ಕೊಡಲಾಗದು ಎನ್ನಬಹುದು. ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ವೈಯಕ್ತಿಕ ಮಾಹಿತಿಯನ್ನೂ ಕೊಡಬಹುದು ಎಂಬ ಮಾತು ಮೊದಲು ಹಾಗೆ ನಿರಾಕರಿಸಲು ಬಿಡುವ ಕಲಮಿನ ಒಳಗೇ ಇತ್ತು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲಕ ಅದನ್ನು ತೆಗೆದುಹಾಕಿದರು. ಈಗ ಸಾರ್ವಜನಿಕ ಹಿತ ಎನ್ನಬೇಕಾದರೆ 8ನೇ ಕಲಮಿನ ಎರಡನೆಯ ಉಪಕಲಮು ಹಿಡಿದು ವಾದಿಸಬೇಕು. ಬಡವನ ಬಸ್ಸಿನ ವಿಷಯಕ್ಕೆ ಅಷ್ಟು ವಾದ ಮಾಡುವವರು ಯಾರು?

ತಮಾಷೆ ಗಮನಿಸಿದಿರಾ? ‘ಬೇರೆಯವರ ಮುಖ ಇದೆ’ ಎಂಬ ಧರ್ಮಸೂಕ್ಷ್ಮ ನೆನಪಾಗುವುದು ಅರ್ಜಿ ಕೊಟ್ಟು ಕೇಳಿದವರಿಗೆ ಮಾತ್ರ. ಕೇಳದೆ ತೆಗೆದು ಹಂಚುವಾಗ ಎಲ್ಲರ ಮುಖವೂ ಊರಿನ ಸ್ವತ್ತು.

ಮುಖ ಯಾರ ಸ್ವತ್ತು ಎಂಬುದನ್ನು ಸುಪ್ರೀಂ ಕೋರ್ಟ್ ಹೇಳಿಯೂ ಆಗಿದೆ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪಿತ್ತಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಟಿಕೆಟ್ ಕೊಂಡು ಬಸ್ಸು ಹತ್ತಿದ ಮಾತ್ರಕ್ಕೆ ಆ ಹಕ್ಕನ್ನು ಫುಟ್‌ಬೋರ್ಡಿನಲ್ಲಿ ಇಳಿಸಿ ಬರಬೇಕೆಂದಿಲ್ಲ. ದತ್ತಾಂಶ ಕಾಯ್ದೆ 2023ರಲ್ಲಿ ಬಂತು, ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮಾಹಿತಿ ಹಕ್ಕಿನ ತಿದ್ದುಪಡಿ ತಕ್ಷಣ ಜಾರಿಯಾಯಿತು. ದತ್ತಾಂಶ ಇಟ್ಟುಕೊಂಡವರ ಮುಖ್ಯ ಹೊಣೆಗಾರಿಕೆಗಳಿಗೆ ಮಾತ್ರ 18 ತಿಂಗಳ ಗಡುವು. ಸರ್ಕಾರ ತನಗೆ ಬೇಕಾದ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅವಕಾಶವೂ ಅದರಲ್ಲಿದೆ.

“ಜಗಳದ ವಿಡಿಯೊ ಹೋಗ್ಲಿ ಬಿಡಿ, ಅದಕ್ಕಿಂತ ಹೊಲಸು ಇದೆಯಲ್ಲ,” ಎಂದರು ರಾಯರ ಮನೆಯವರು, ಬೇರು ಮುರಿಯುತ್ತಾ.

ಇದೆ. 2013ರಲ್ಲಿ ದೆಹಲಿ ಮೆಟ್ರೋದ ಕ್ಯಾಮೆರಾಗಳಲ್ಲಿ ಸೆರೆಯಾದ ಯುವಜೋಡಿಗಳ ತುಣುಕುಗಳು ಅಶ್ಲೀಲ ತಾಣಗಳಲ್ಲಿ ಕಾಣಿಸಿಕೊಂಡು ದೊಡ್ಡ ಗಲಾಟೆಯಾಯಿತು. 2025ರಲ್ಲಿ ಗುಜರಾತಿನ ರಾಜಕೋಟದ ಹೆರಿಗೆ ಆಸ್ಪತ್ರೆಯೊಂದರ ಕ್ಯಾಮೆರಾ ದೃಶ್ಯಗಳು ಟೆಲಿಗ್ರಾಮಿನಲ್ಲಿ ಮಾರಾಟಕ್ಕೆ ಬಂದವು. ಅಲ್ಲಿ ಕ್ಯಾಮೆರಾಕ್ಕೆ ಹಾಕಿದ್ದ ಪಾಸ್‌ವರ್ಡ್ ‘ಅಡ್ಮಿನ್123’ ಎಂದು ವರದಿಯಾಯಿತು. ಕ್ಯಾಮೆರಾ ಕೊಳ್ಳುವಾಗ ಟೆಂಡರು, ಉದ್ಘಾಟನೆ, ಹಸಿರು ಬಾವುಟ ಎಲ್ಲ ಇರುತ್ತವೆ. ಪಾಸ್‌ವರ್ಡ್ ಬದಲಿಸುವುದಕ್ಕೆ ಯಾವ ಸಮಾರಂಭವೂ ಇಲ್ಲ, ಆದ್ದರಿಂದ ಅದು ಆಗುವುದೂ ಇಲ್ಲ. ಇನ್ನು ಹಂಚುವವರ ವಿಷಯ. ಲೈಂಗಿಕ ದೌರ್ಜನ್ಯಕ್ಕೊಳಗಾದವರ ಗುರುತು ಬಹಿರಂಗಪಡಿಸಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿ 2 ವರ್ಷದವರೆಗೆ ಜೈಲು ಇದೆ. ‘ಇವಳಿಗೆ ನ್ಯಾಯ ಸಿಗುವವರೆಗೆ ಶೇರ್ ಮಾಡಿ’ ಎಂದು ಮುಖ ಕಾಣುವ ವಿಡಿಯೊ ಕಳಿಸುವ ಧರ್ಮಾತ್ಮರು ಇದನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಬ್ರಿಟನ್ನಿನಲ್ಲಿ ಫೂಟೇಜ್ ಕೊಡುವ ವಿಷಯದಲ್ಲಿ ಒಂದು ಮರ್ಯಾದೆಯ ಪದ್ಧತಿ ಇದೆ. ಕ್ಯಾಮೆರಾದಲ್ಲಿ ಸಿಕ್ಕವನು ದಿನ, ಹೊತ್ತು, ಜಾಗ ಹೇಳಿ, ತನ್ನ ಗುರುತು ತೋರಿಸಿ ‘ನನ್ನ ದೃಶ್ಯ ನನಗೆ ಕೊಡಿ’ ಎಂದು ಕೇಳಬಹುದು. ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರಿಸಬೇಕು. ಕೊಡುವಾಗ ಪಕ್ಕದಲ್ಲಿದ್ದವರ ಮುಖ ಮಸುಕು ಮಾಡಿ ಕೊಡುತ್ತಾರೆ. ಕೇಳಿದವನಿಗೆ ಸಿಕ್ಕಿತು, ಕೇಳದವನ ಮಾನ ಉಳಿಯಿತು. ನಮ್ಮಲ್ಲಿಯೂ ಪಾಯ ಇಲ್ಲದೇ ಇಲ್ಲ. 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ, ಒಟ್ಟಿಗೆ 100 ಜನ ಸೇರುವ ಅಥವಾ ದಿನಕ್ಕೆ 500 ಜನ ಬಂದುಹೋಗುವ ಸಂಸ್ಥೆಗಳು ಕ್ಯಾಮೆರಾ ಹಾಕಿ 30 ದಿನದ ದೃಶ್ಯ ಉಳಿಸಿಕೊಳ್ಳಬೇಕು ಎನ್ನುತ್ತದೆ. ಎಷ್ಟು ದಿನ ಇಡಬೇಕು ಎಂದು ಹೇಳಲು ಬರುವ ಸರ್ಕಾರಕ್ಕೆ, ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂದು ಬಸ್ಸಿನೊಳಗೆ ಒಂದು ಫಲಕ ಹಾಕಿ ಹೇಳಲು ಬಾರದೆ?

ಹೊತ್ತು ಏರುತ್ತಿತ್ತು. ರಾಯರು ಕೊನೆಯ ಮಾತಿಗೆ ಬಂದರು. ಅದು ಅವರ ಸರ್ವೀಸಿನ ಸಾರ.

“ಮೇಷ್ಟ್ರೇ, ನಮ್ಮ ಕಾಲದಲ್ಲಿ ಟಿಕೆಟ್ ಬಂಡಲ್ ಕೊಡೋರು. ಶುರುವಿನ ನಂಬರ್ ಎಷ್ಟು, ಈ ಸ್ಟೇಜಲ್ಲಿ ಎಷ್ಟಕ್ಕೆ ನಿಂತಿದೆ, ಎಲ್ಲಾ ವೇ ಬಿಲ್ಲಲ್ಲಿ ಬರೀಬೇಕು. ಒಂದು ಟಿಕೆಟ್ ಲೆಕ್ಕ ತಪ್ಪಿದ್ರೆ ಸ್ಕ್ವಾಡ್‌ನೋರು ರಸ್ತೇಲೇ ಗಾಡಿ ನಿಲ್ಲಿಸಿ ಮೆಮೊ ಕೊಡೋರು. ಒಂದೆರಡು ರೂಪಾಯಿ ಟಿಕೆಟ್ಟಿಗೆ ಅಷ್ಟು ಲೆಕ್ಕ! ಇವತ್ತು ಒಂದು ಬಸ್ಸು ತುಂಬ ಜನರ ಮುಖ ಡಿಪೋದಿಂದ ಆಚೆ ಹೋಗುತ್ತೆ, ಅದಕ್ಕೊಂದು ವೇ ಬಿಲ್ ಬೇಡವಾ? ಯಾರು ಕೇಳಿದ್ರು, ಯಾರು ಇಳಿಸಿದ್ರು, ಎಷ್ಟು ನಿಮಿಷ, ಯಾರ ಕೈಗೆ ಕೊಟ್ರು, ಸಹಿ. ಲೆಕ್ಕ ತಪ್ಪಿದ್ರೆ ಮೆಮೊ. ಇದಕ್ಕೇನು ಕಾಯ್ದೆ ಬರೋವರೆಗೂ ಕಾಯಬೇಕಾ? ಒಂದು ನೋಟ್ ಪುಸ್ತಕ, ಒಂದು ಪೆನ್ನು ಸಾಕು.”

ಇಷ್ಟು ದಿನ ಕೇಳಿದ ಭಾಷಣ, ಓದಿದ ಸಂಪಾದಕೀಯಗಳಲ್ಲಿ ನನಗೆ ಇದಕ್ಕಿಂತ ಸರಳವಾದ ದಾರಿ ಕಂಡಿಲ್ಲ. ಕ್ಯಾಮೆರಾ ಬೇಡ ಎನ್ನುವವನು ರಾತ್ರಿ ಕೊನೆಯ ಬಸ್ಸಿನಲ್ಲಿ ಒಬ್ಬಳೇ ಬರುವ ಹುಡುಗಿಯನ್ನು ಕೇಳಲಿ. ಕ್ಯಾಮೆರಾ ಇದ್ದರೆ ಸಾಕು ಎನ್ನುವವನು ತನ್ನ ಮನೆಯವರ ಮುಖವನ್ನು ಊರಿನ ಗುಂಪಿನಲ್ಲಿ ಕಂಡು ಬರಲಿ. ಕ್ಯಾಮೆರಾ ಇರಲಿ, ಅದರ ಲೆಕ್ಕವೂ ಇರಲಿ.

ಸಾರಿಗೆ ಸಂಸ್ಥೆಗಳು ಆ ನೋಟ್ ಪುಸ್ತಕ ತೆರೆಯುವವರೆಗೆ ನಾವು ಮಾಡಬಹುದಾದದ್ದೂ ಇದೆ. ಬಸ್ಸಿನಲ್ಲಿ ಏನಾದರೂ ಆದರೆ ಟಿಕೆಟ್ ಎಸೆಯಬೇಡಿ. ಗಾಡಿ ನಂಬರು, ರೂಟು, ಹೊತ್ತು ಬರೆದುಕೊಳ್ಳಿ. ತುರ್ತಾದರೆ 112ಕ್ಕೆ ಕರೆಮಾಡಿ. ಅದೇ ದಿನ ಡಿಪೋ ಮ್ಯಾನೇಜರಿಗೆ ‘ಈ ಹೊತ್ತಿನ ಫೂಟೇಜ್ ಅಳಿಸದೆ ತೆಗೆದಿಡಿ’ ಎಂದು ಎರಡು ಸಾಲು ಬರೆದು ಕೊಟ್ಟು ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಕೊಡುವುದು ಬಿಡುವುದು ಆಮೇಲಿನ ಮಾತು. ಅಳಿಸದೆ ಉಳಿದರೆ ತಾನೆ ಕೇಳುವುದು? ಮತ್ತು ಬಸ್ಸಿನ ಚಾವಣಿಯಿಂದ ತೆಗೆದ ವಿಡಿಯೊ ನಿಮ್ಮ ಮೊಬೈಲಿಗೆ ಬಂದರೆ, ಅದರಲ್ಲಿರುವವರು ನಿಮಗೆ ಗೊತ್ತಿಲ್ಲದಿದ್ದರೂ ಸರಿ, ಮುಂದಕ್ಕೆ ಕಳಿಸಬೇಡಿ.